ಸಿನಿಮಾ ಜೋರಾಯ್ತು, ಮಾತು ಸಣ್ಣಗಾಯ್ತು

ನಮಸ್ಕಾರ. ಇತ್ತೀಚೆಗೆ ಥಿಯೇಟರಿಗೆ ಬಂದ ದೊಡ್ಡ ಸಿನಿಮಾಗಳಲ್ಲಿ ಯಾವುದನ್ನೇ ತಗೊಳ್ಳಿ. ನೋಡಿ ಹೊರಗೆ ಬಂದವರು ಕಥೆ, ನಟನೆ, ಗ್ರಾಫಿಕ್ಸ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಒಂದು ದೂರು ಮಾತ್ರ ಎಲ್ಲರ ಬಾಯಲ್ಲೂ ಬರುತ್ತೆ: "ಡೈಲಾಗ್ ಸರಿಯಾಗಿ ಕೇಳಿಸಲೇ ಇಲ್ಲ." ವಿಮರ್ಶೆಗಳಲ್ಲಿ ಇದಕ್ಕೆ ಸಿಗೋದು ಕೊನೆಯಲ್ಲಿ ಒಂದು ಸಾಲು. ನನ್ನ ಪ್ರಕಾರ ಇದು ಮೊದಲ ಸಾಲಲ್ಲೇ ಬರಬೇಕಾದ ವಿಷಯ. ಮಾತು ಕೇಳಿಸದಿದ್ರೆ ಪಾತ್ರ ಯಾಕೆ ಹಾಗೆ ನಡ್ಕೊಳ್ತು ಅನ್ನೋದೇ ಗೊತ್ತಾಗಲ್ಲ. ಆಮೇಲೆ ನಾವು ಚಿತ್ರಕಥೆಯಲ್ಲಿ ಲಾಜಿಕ್ ಇಲ್ಲ ಅಂತ ಬೈತೀವಿ. ಆ ಲಾಜಿಕ್ ಒಂದು ಸಾಲಲ್ಲಿ ಇತ್ತು, ಡ್ರಮ್ ಸದ್ದಿನಡಿ ಹೂತುಹೋಗಿತ್ತು, ಅಷ್ಟೇ.

ನನ್ನ ವಾದ ನೇರವಾಗಿ ಹೇಳ್ಬಿಡ್ತೀನಿ. ಸಿನಿಮಾಗಳು ಜೋರಾಗ್ತಾ ಹೋದ ಹಾಗೆ ಅದೇ ಕಾರಣಕ್ಕೆ ಮಾತು ಸಣ್ಣಗಾಗ್ತಾ ಹೋಗಿದೆ. ಇದು ಹೇಗೆ ಆಗುತ್ತೆ ಅಂತ ತಿಳಿಯೋಕೆ ಪ್ರೊಜೆಕ್ಷನ್ ರೂಮಲ್ಲಿರೋ ಒಂದೇ ಒಂದು ಗುಂಡಿಯನ್ನ ಅರ್ಥ ಮಾಡ್ಕೊಂಡ್ರೆ ಸಾಕು. ಇಡೀ ಹಾಲಿನ ಸದ್ದನ್ನ ಏರಿಸೋ ಇಳಿಸೋ ಆ ಗುಂಡಿಯ ಹೆಸರು ಫೇಡರ್.

ಸಿನಿಮಾದ ಮಾತು, ಸಂಗೀತ, ಬೇರೆ ಸದ್ದುಗಳನ್ನ ಒಂದಾಗಿ ಬೆರೆಸೋ, ಅಂದ್ರೆ ಮಿಕ್ಸ್ ಮಾಡೋ ಸ್ಟುಡಿಯೋಗೂ ಥಿಯೇಟರಿಗೂ ಒಂದು ಒಪ್ಪಂದ ಇದೆ. ಪಿಂಕ್ ನಾಯ್ಸ್ ಅನ್ನೋ ಪರೀಕ್ಷೆಯ ಸದ್ದನ್ನ ಒಂದು ನಿಗದಿತ ಮಟ್ಟದಲ್ಲಿ, ಅಂದ್ರೆ ಡಿಜಿಟಲ್ ಸದ್ದಿನ ಗರಿಷ್ಠ ಮಿತಿಗಿಂತ 20 ಡೆಸಿಬೆಲ್ ಕೆಳಗೆ (ಮೈನಸ್ 20 ಡಿಬಿಎಫ್‌ಎಸ್), ಪರದೆ ಹಿಂದಿನ ಒಂದು ಸ್ಪೀಕರಿನಿಂದ ಹಾಕಿದ್ರೆ, ಕೂತವರ ಕಿವಿ ಹತ್ತಿರ 85 ಡೆಸಿಬೆಲ್ ಬರಬೇಕು. ಆ ಲೆಕ್ಕಕ್ಕೆ, ಸದ್ದನ್ನ ನಿಭಾಯಿಸೋ ಡಾಲ್ಬಿ ಪ್ರೊಸೆಸರಿನ ಫೇಡರ್ 7ರಲ್ಲಿ ನಿಲ್ಲುತ್ತೆ. ಸ್ಟುಡಿಯೋದಲ್ಲೂ 7, ಥಿಯೇಟರಲ್ಲೂ 7. ಎರಡೂ ಕಡೆ ಒಂದೇ ಇದ್ರೆ, ನಿರ್ದೇಶಕರು ಮಿಕ್ಸಿಂಗ್ ರೂಮಲ್ಲಿ ಕೇಳಿದ ಮಟ್ಟದಲ್ಲೇ ನಿಮಗೂ ಕೇಳಿಸುತ್ತೆ. ಹೀಗೆ ಹೊಂದಿಸಿದ ಹಾಲಲ್ಲಿ ಪರದೆ ಹಿಂದಿನ ಒಂದೊಂದು ಚಾನೆಲ್ ಗರಿಷ್ಠ 105 ಡೆಸಿಬೆಲ್ ತನಕ ಹೋಗಬಹುದು, ಗುಡುಗೋ ಬಾಸ್ ಚಾನೆಲ್ 115ರ ತನಕ. ಇದು ತುಂಬಾ ದೊಡ್ಡ ಜಾಗ. ಹಳೇ ಫಿಲ್ಮ್ ಪಟ್ಟಿಯ ಅಂಚಲ್ಲಿ ಗೆರೆಯಾಗಿ ಅಚ್ಚಾಗಿರ್ತಿದ್ದ ಆಪ್ಟಿಕಲ್ ಸೌಂಡಿಗೆ ಇಷ್ಟು ಜಾಗ ಇರ್ಲಿಲ್ಲ. ಒಂದು ಮಟ್ಟ ದಾಟಿದ್ರೆ ಸದ್ದು ಒಡೆಯೋದು, ಹಾಗಾಗಿ ಮಿಕ್ಸ್ ಮಾಡುವವರು ತಾವಾಗಿಯೇ ಹಿಡಿತದಲ್ಲಿ ಇರ್ತಿದ್ರು. 1992ರಲ್ಲಿ ಡಾಲ್ಬಿ ಡಿಜಿಟಲ್, 1993ರಲ್ಲಿ ಡಿಟಿಎಸ್ ಅನ್ನೋ ಡಿಜಿಟಲ್ ಸೌಂಡ್ ಪದ್ಧತಿಗಳು ಬಂದ ಮೇಲೆ ಆ ಅಡ್ಡಗೋಡೆ ಬಿತ್ತು.

ಮುಂದೆ ಆಗಿದ್ದು ಹೀಗೆ. ಒಂದು ಸಿನಿಮಾದ ಕ್ಲೈಮ್ಯಾಕ್ಸ್ ಜೋರಾಗಿದೆ ಅಂತ ಪ್ರೇಕ್ಷಕರು ದೂರು ಕೊಡ್ತಾರೆ. ಥಿಯೇಟರಿನವರು ಫೇಡರನ್ನ 7ರಿಂದ 5.5ಕ್ಕೆ ಇಳಿಸ್ತಾರೆ. ಈ ಅಳತೆಯಲ್ಲಿ ಒಂದು ಅಂಕಿ ಅಂದ್ರೆ ಸುಮಾರು 3.3 ಡೆಸಿಬೆಲ್. ಒಂದೂವರೆ ಅಂಕಿ ಇಳಿಸಿದ್ರೆ 5 ಡೆಸಿಬೆಲ್ ಹೋಯ್ತು. 4.5ಕ್ಕೆ ತಂದ್ರೆ 8 ಡೆಸಿಬೆಲ್ ಹೋಯ್ತು. ಸ್ಫೋಟಕ್ಕೆ ಇದರಿಂದ ಏನೂ ಆಗಲ್ಲ, 105 ಇದ್ದದ್ದು 97 ಆದ್ರೂ ಅದು ಸ್ಫೋಟವೇ. ಆದ್ರೆ ಪಿಸುಮಾತು? ಅದು ಮೊದಲೇ ಅಂಚಲ್ಲಿತ್ತು. 8 ಡೆಸಿಬೆಲ್ ಇಳಿದ ಕೂಡ್ಲೇ ಏಸಿ ಗಾಳಿ, ಸೀಟಿನ ಕಿರಕಿರ, ಪಕ್ಕದವರ ಪ್ಯಾಕೆಟ್ ಸದ್ದಿನ ಮಟ್ಟಕ್ಕೆ ಬಂದು ಕರಗಿಹೋಗುತ್ತೆ. ಎಲ್ಲಾ ಸದ್ದನ್ನೂ ಸಮನಾಗಿ ಇಳಿಸಿದ್ರೂ ನಷ್ಟ ಆಗೋದು ಸಣ್ಣ ಸದ್ದಿಗೆ ಮಾತ್ರ.

ಕಥೆ ಇಲ್ಲಿಗೇ ನಿಲ್ಲಲ್ಲ. ಥಿಯೇಟರಿನವರು ಹೇಗೂ ಇಳಿಸ್ತಾರೆ ಅಂತ ಮುಂದಿನ ಸಿನಿಮಾದವರು ಮೊದಲೇ ಎಲ್ಲವನ್ನೂ ಏರಿಸಿ ಮಿಕ್ಸ್ ಮಾಡ್ತಾರೆ. ಅದಕ್ಕೆ ಮತ್ತೆ ದೂರು, ಮತ್ತೆ ಫೇಡರ್ ಕೆಳಗೆ. ಈ ಸುಳಿಯಲ್ಲಿ ಸಿಕ್ಕಿ ಸಾಯೋದು, ಮರ್ಯಾದೆಯಿಂದ 7ಕ್ಕೆ ಮಿಕ್ಸ್ ಮಾಡಿದ ಸಣ್ಣ ಕೌಟುಂಬಿಕ ಸಿನಿಮಾ. ಮೊದಲ ಆಟ ಆ್ಯಕ್ಷನ್ ಸಿನಿಮಾದ್ದು, ಫೇಡರ್ 4.5. ಎರಡನೇ ಆಟಕ್ಕೆ ಈ ಸಿನಿಮಾ, ಫೇಡರ್ ಅಲ್ಲೇ ಇದೆ. ಜಾಹೀರಾತು, ಟ್ರೈಲರ್‌ಗಳೂ ಇದೇ ಕೆಲಸ ಮಾಡ್ತವೆ. ಟ್ರೈಲರ್‌ಗಳ ಸರಾಸರಿ ಜೋರಿಗೆ ಒಂದು ಮಿತಿ ಇದೆ, 85 ಎಲ್‌ಇಕ್ಯೂಎಂ ಅಂತ. ಆದ್ರೆ ಎರಡೂವರೆ ನಿಮಿಷ ಒಂದೇ ಸಮ ಬಡಿಯೋ ಟ್ರೈಲರಿಗೆ ಆ ಮಿತಿಯೊಳಗೂ ಕಿವಿ ದಣಿಸೋಕೆ ಆಗುತ್ತೆ. ಹಾಗಾಗಿ ಟ್ರೈಲರಿಗೆ ಅಂತ ಇಳಿಸಿದ ಫೇಡರನ್ನ ಸಿನಿಮಾ ಶುರುವಾದಾಗ ಮೇಲಕ್ಕೆ ತರಬೇಕು. ಒಳ್ಳೇ ಥಿಯೇಟರುಗಳಲ್ಲಿ ಇದನ್ನ ಆಟೊಮೇಷನ್‌ನಲ್ಲೇ ಹಾಕಿಟ್ಟಿರ್ತಾರೆ. ಇನ್ನು ಕೆಲವು ಕಡೆ ಸಿನಿಮಾ ಮುಗಿಯೋ ತನಕ ಅದು ಟ್ರೈಲರ್ ಮಟ್ಟದಲ್ಲೇ ಓಡ್ತಿರುತ್ತೆ.

ಆದ್ರೆ ಎಲ್ಲಾ ತಪ್ಪನ್ನೂ ಥಿಯೇಟರ್ ತಲೆಗೆ ಕಟ್ಟೋದು ಅನ್ಯಾಯ. ಫೇಡರ್ 7ರಲ್ಲೇ ಇದ್ದು, ಸ್ಪೀಕರ್ ಎಲ್ಲಾ ಸರಿಯಿದ್ದು, ಆಗಲೂ ಮಾತು ತಿಳಿಯದ ಸಿನಿಮಾಗಳು ಬರ್ತಿವೆ. ಅಲ್ಲಿ ಕಾರಣ ಬೇರೆ.

ಒಂದು ದೃಶ್ಯ ಅಂದ್ಕೊಳ್ಳಿ. ಆಸ್ಪತ್ರೆಯ ಕಾರಿಡಾರ್, ಇಬ್ಬರು ನಿಂತಿದ್ದಾರೆ, ಒಬ್ಬಳು ತಗ್ಗಿದ ದನಿಯಲ್ಲಿ ಒಂದು ಸತ್ಯ ಹೇಳ್ತಾಳೆ. ಹಿನ್ನೆಲೆಯಲ್ಲಿ ವಯಲಿನ್‌ಗಳು ಏರ್ತಾ ಇವೆ. ಅವಳ ಮಾತಿನ ಸ್ವರಗಳು, ಅಂದ್ರೆ ಆ, ಈ, ಊ, ಕೆಳಗಿನ ಕಂಪನಾಂಕಗಳಲ್ಲಿ ಇರ್ತವೆ, ಅವು ಕೇಳಿಸ್ತವೆ. ಆದ್ರೆ ಒಂದು ಪದವನ್ನ ಇನ್ನೊಂದರಿಂದ ಬೇರೆ ಮಾಡೋದು ವ್ಯಂಜನಗಳು. ಸ, ಶ, ತ, ಕ ಇವುಗಳ ಗುರುತು ಇರೋದು ಹೆಚ್ಚಾಗಿ 2,000 ಹರ್ಟ್ಸ್‌ಗಿಂತ ಮೇಲೆ. ಏರಿದ ವಯಲಿನ್, ಹಿತ್ತಾಳೆ ವಾದ್ಯ, ಡಿಸ್ಟಾರ್ಟ್ ಮಾಡಿದ ಗಿಟಾರ್ ಎಲ್ಲದರ ಚೂಪು ಇರೋದೂ ಅಲ್ಲೇ. ಹೀಗಾಗಿ ಅವಳು ಮಾತಾಡ್ತಿದ್ದಾಳೆ ಅನ್ನೋದು ಗೊತ್ತಾಗುತ್ತೆ, ಏನು ಅನ್ನೋದು ಗೊತ್ತಾಗಲ್ಲ. ಇಲ್ಲಿ ಫೇಡರ್ ಏರಿಸಿ ಪ್ರಯೋಜನ ಇಲ್ಲ, ವಯಲಿನ್ ಕೂಡ ಜೊತೆಗೇ ಏರುತ್ತೆ. ಇದಕ್ಕೆ ಮದ್ದು ಇರೋದು ಮಿಕ್ಸಿಂಗ್ ಟೇಬಲ್ ಮೇಲೆ. ಆ ಸಾಲು ಬರುವಷ್ಟು ಹೊತ್ತು ಸಂಗೀತದ 2,000ದಿಂದ 4,000 ಹರ್ಟ್ಸ್ ಭಾಗವನ್ನ ಎರಡು ಮೂರು ಡೆಸಿಬೆಲ್ ತಗ್ಗಿಸಿದ್ರೂ ಮಾತು ಎದ್ದು ನಿಲ್ಲುತ್ತೆ, ಸಂಗೀತ ಕಡಿಮೆಯಾಯ್ತು ಅಂತ ಯಾರಿಗೂ ಅನಿಸಲ್ಲ. ಅದಕ್ಕಿಂತ ಒಳ್ಳೇದು, ಸಂಗೀತ ನಿರ್ದೇಶಕರು ಆ ಸಾಲಿಗೆ ಜಾಗ ಬಿಟ್ಟು ಬರೆಯೋದು: ಚೆಲ್ಲೋ ಕೆಳಗಿರಲಿ, ವಯಲಿನ್ ಅವಳ ಮಾತು ಮುಗಿದ ಮೇಲೆ ಬರಲಿ.

ಹಾಗಾದ್ರೆ ಇಷ್ಟು ಸರಳವಾದದ್ದು ಯಾಕೆ ಆಗ್ತಿಲ್ಲ? ಒಂದು, ಸಮಯ. ಬಿಡುಗಡೆ ದಿನಾಂಕ ಮೊದಲೇ ಘೋಷಣೆ ಆಗಿರುತ್ತೆ. ಗ್ರಾಫಿಕ್ಸ್ ತಡವಾಗುತ್ತೆ, ಎಡಿಟಿಂಗ್ ಕೊನೇ ವಾರದ ತನಕ ಬದಲಾಗುತ್ತೆ. ಮಿಕ್ಸಿಂಗ್ ಸರದಿಯ ಕೊನೆಯಲ್ಲಿದೆ, ಹಾಗಾಗಿ ಹೋದ ದಿನಗಳೆಲ್ಲಾ ಅದರ ಲೆಕ್ಕದಿಂದಲೇ ಹೋಗ್ತವೆ. ಎರಡು, ಕಿವಿಯ ಅಭ್ಯಾಸ. ಮಿಕ್ಸಿಂಗ್ ರೂಮಲ್ಲಿ ಕೂತ ನಿರ್ದೇಶಕರು, ಎಡಿಟರ್, ಎಂಜಿನಿಯರ್ ಎಲ್ಲರಿಗೂ ಆ ಸಾಲು ಬಾಯಿಪಾಠ. ಗೊತ್ತಿರೋ ವಾಕ್ಯವನ್ನ ಮೆದುಳು ತಾನೇ ತುಂಬಿಕೊಳ್ಳುತ್ತೆ. ಅವರಿಗೆ ನಿಜವಾಗಿಯೂ ಕೇಳಿಸ್ತಿದೆ, ಸುಳ್ಳು ಹೇಳ್ತಿಲ್ಲ. ಮೂರನೇದು ಕಡಿಮೆ ಬಜೆಟ್ಟಿನವರಿಗೆ ಹೆಚ್ಚು ತಾಗುತ್ತೆ: ಚಿಕ್ಕ ರೂಮಲ್ಲಿ, ಒಂದೆರಡು ಮೀಟರ್ ದೂರದ ಸ್ಪೀಕರಲ್ಲಿ ಮಿಕ್ಸ್ ಮಾಡಿ, ದೊಡ್ಡ ಹಾಲಲ್ಲಿ ಒಮ್ಮೆಯೂ ಕೇಳದೆ ಬಿಡುಗಡೆ ಮಾಡೋದು. ಚಿಕ್ಕ ರೂಮಲ್ಲಿ ಮಾತು ನೇರವಾಗಿ ಕಿವಿಗೆ ಬರುತ್ತೆ. ದೊಡ್ಡ ಹಾಲಲ್ಲಿ ಅದರ ಜೊತೆ ಗೋಡೆಯ ಪ್ರತಿಧ್ವನಿ ಸೇರುತ್ತೆ, ಬಾಸ್ ಹಾಲಲ್ಲೇ ತಿರುಗ್ತಾ ನಿಲ್ಲುತ್ತೆ, ಮಾತಿನ ಅಂಚು ಮಸುಕಾಗುತ್ತೆ.

ಶೂಟಿಂಗ್ ಜಾಗದಲ್ಲೂ ಬೀಜ ಬಿದ್ದಿರುತ್ತೆ. ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕ್ ನಟರ ತಲೆಯಿಂದ ಎರಡು ಮೂರು ಅಡಿ ಮೇಲಿದ್ರೆ ಮಾತು ಶುದ್ಧವಾಗಿ ಸಿಗುತ್ತೆ. ವೈಡ್ ಮತ್ತು ಕ್ಲೋಸ್ ಎರಡು ಕ್ಯಾಮೆರಾ ಒಟ್ಟಿಗೆ ಓಡಿಸಿದ್ರೆ ವೈಡ್ ಫ್ರೇಮಿನಿಂದ ಆಚೆ ಇರೋಕೆ ಬೂಮ್ ದೂರ ಸರಿಯಲೇಬೇಕು. ಆಗ ಉಳಿಯೋದು ಬಟ್ಟೆಯೊಳಗೆ ಅಡಗಿಸಿಟ್ಟ ಲೇಪಲ್ ಮೈಕ್. ಅದು ಗದ್ದದ ಕೆಳಗೆ, ಎದೆ ಮೇಲೆ ಇರುತ್ತೆ, ಮೇಲೆ ಬಟ್ಟೆ ಬೇರೆ. ವ್ಯಂಜನಗಳ ಚೂಪು ಅಲ್ಲೇ ಅರ್ಧ ಹೋಯ್ತು. ಅದರ ಮೇಲೆ ನಟರು ಸಹಜವಾಗಿರಲಿ ಅಂತ ಗೊಣಗಿದ್ರೆ, ಮಿಕ್ಸ್ ಮಾಡುವವರು ಏನು ಮಾಡಿಯಾರು?

ಇದಕ್ಕೊಂದು ಪ್ರತಿವಾದ ಇದೆ. ಮಾತು ಪ್ರತಿ ಬಾರಿ ತಿಳಿಯಲೇಬೇಕು ಅಂತಿಲ್ಲ, ಸದ್ದು ಕೂಡ ಒಂದು ಅನುಭವ ಅಂತ. 2014ರಲ್ಲಿ "ಇಂಟರ್‌ಸ್ಟೆಲ್ಲಾರ್" ಬಗ್ಗೆ ಇದೇ ದೂರು ಬಂದಾಗ ಅದರ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅದು ಬೇಕಂತಲೇ ಮಾಡಿದ ಆಯ್ಕೆ ಅಂತ ಸಮರ್ಥಿಸಿಕೊಂಡ್ರು. ಆ ಹಕ್ಕು ನಿರ್ದೇಶಕರಿಗಿದೆ ಅಂತ ನಾನೂ ಒಪ್ತೀನಿ. ರಾಕೆಟ್ ಹಾರುವಾಗ ಕೂಗು ತಿಳಿಯದಿದ್ರೆ ತೊಂದರೆ ಇಲ್ಲ, ಅಲ್ಲಿ ಗೊಂದಲವೇ ವಿಷಯ. ಆದ್ರೆ ಕಥೆಯ ಗಂಟು ಬಿಚ್ಚೋ ವಾಕ್ಯವನ್ನ ಅದೇ ಸದ್ದಿನಡಿ ಇಟ್ಟು, ಮುಂದಿನ ಒಂದು ಗಂಟೆಯ ಕಥೆಯನ್ನ ಆ ವಾಕ್ಯದ ಮೇಲೆ ಕಟ್ಟಿದ್ರೆ ಅದನ್ನ ಆಯ್ಕೆ ಅಂತ ಕರೆಯೋಕೆ ನನ್ನಿಂದ ಆಗಲ್ಲ.

ಡಬ್ ಆದ ಆವೃತ್ತಿಯಲ್ಲಿ ಮಾತು ಮೂಲಕ್ಕಿಂತ ಸ್ಪಷ್ಟ ಅಂತ ಹಲವರು ಗಮನಿಸಿರ್ತೀರಿ. ಕಾರಣ ಇಷ್ಟೇ: ಡಬ್ಬಿಂಗ್ ಬೂತಲ್ಲಿ ಮೈಕ್ ಬಾಯಿಗೆ ಹತ್ತಿರ, ಸುತ್ತ ಬೇರೆ ಸದ್ದಿಲ್ಲ. ಸಂಗೀತ ಮತ್ತು ಎಫೆಕ್ಟ್ಸ್ ಮೂಲದಿಂದ ಸಿದ್ಧವಾಗಿ ಬಂದಿರ್ತವೆ, ಅದರ ಮೇಲೆ ಮಾತನ್ನ ಏರಿಸಿ ಕೂರಿಸ್ತಾರೆ. ಸ್ಪಷ್ಟತೆ ಸಿಗುತ್ತೆ, ಆ ಜಾಗದ ಗಾಳಿ ಹೋಗುತ್ತೆ.

ಸರಿ, ಹಾಲಲ್ಲಿ ಕೂತಾಗ ತಪ್ಪು ಯಾರದ್ದು ಅಂತ ಕಂಡುಹಿಡಿಯೋದು ಹೇಗೆ? ಮೊದಲ ಹತ್ತು ನಿಮಿಷ ಕಿವಿಗೊಟ್ಟು ಕೇಳಿ. ಸಂಗೀತ ಇಲ್ಲದ, ಶಾಂತವಾದ ದೃಶ್ಯದಲ್ಲೂ ಮಾತು ಸಣ್ಣಗಿದ್ದು, ಒಟ್ಟಾರೆ ಸದ್ದೇ ಮಂಕಾಗಿದ್ರೆ ಅದು ಫೇಡರ್. ಶಾಂತ ದೃಶ್ಯದಲ್ಲಿ ಮಾತು ಚೆನ್ನಾಗಿದ್ದು, ಸಂಗೀತ ಶುರುವಾದ ಕೂಡ್ಲೇ ಮುಳುಗಿದ್ರೆ ಅದು ಮಿಕ್ಸ್. ಮಾತು ಸಾಕಷ್ಟು ಜೋರಾಗಿದ್ದೂ ಕಂಬಳಿ ಹೊದಿಸಿದ ಹಾಗಿದ್ರೆ, ಸ ಮತ್ತು ಶ ಕೇಳಿಸದಿದ್ರೆ, ಪರದೆ ಹಿಂದಿನ ಮಧ್ಯದ ಸ್ಪೀಕರಿನ ಹೈ ಫ್ರೀಕ್ವೆನ್ಸಿ ಡ್ರೈವರ್, ಅಂದ್ರೆ ಚೂಪು ಸದ್ದು ಕೊಡೋ ಭಾಗ, ಹೋಗಿರೋ ಸಾಧ್ಯತೆ ಹೆಚ್ಚು. ಡೈಲಾಗ್ ಬಹುಪಾಲು ಬರೋದು ಆ ಒಂದು ಸ್ಪೀಕರಿನಿಂದಲೇ. ಇನ್ನು ಸಂಗೀತ ಎರಡೂ ಬದಿಯಿಂದ ತುಂಬಿಕೊಂಡು ಬಂದು, ಮಾತು ದೂರದ ಬಾವಿಯೊಳಗಿಂದ ಬಂದಂತೆ ಬರೀ ಪ್ರತಿಧ್ವನಿಯಾಗಿ ಕೇಳಿಸಿದ್ರೆ, ಮಧ್ಯದ ಚಾನೆಲ್ ಪೂರ್ತಿ ಸತ್ತಿದೆ. ಆ ಆಟವನ್ನ ಅಲ್ಲಿಗೇ ನಿಲ್ಲಿಸಬೇಕು.

ಮಿಕ್ಸ್ ಬಿಟ್ಟು ಉಳಿದದ್ದಕ್ಕೆಲ್ಲಾ ಅಲ್ಲೇ ಪರಿಹಾರ ಕೇಳಬಹುದು. ಇಂಟರ್ವಲ್ ತನಕ ಕಾಯಬೇಡಿ. ಎದ್ದು ಹೋಗಿ ಸಿಬ್ಬಂದಿಗೆ "ಸೌಂಡ್ ಸರಿ ಇಲ್ಲ" ಅನ್ನೋ ಬದಲು, "ಫೇಡರ್ ಎಷ್ಟರಲ್ಲಿದೆ, ಸಿನಿಮಾ ಶುರುವಾದ ಮೇಲೆ ಏರಿಸಿದ್ರಾ?" ಅಂತ ಕೇಳಿ. ಅಥವಾ "ಮಧ್ಯದ ಸ್ಪೀಕರಿಂದ ಸದ್ದು ಬರ್ತಿಲ್ಲ" ಅನ್ನಿ. ಇಷ್ಟು ನಿಖರವಾಗಿ ಹೇಳಿದ್ರೆ ಅದು ಪ್ರೊಜೆಕ್ಷನ್ ರೂಮಿಗೆ ತಲುಪುತ್ತೆ. ಸೀಟು ಆರಿಸುವಾಗ ಪರದೆಯಿಂದ ಮೂರನೇ ಎರಡು ಭಾಗ ಹಿಂದೆ, ನಡುವಿನ ಸಾಲು ಹಿಡೀರಿ. ಕೊನೇ ಸಾಲು, ಗೋಡೆ ಪಕ್ಕದ ಸೀಟು ಬೇಡ, ಅಲ್ಲಿ ಸರೌಂಡ್ ಸ್ಪೀಕರ್ ನಿಮ್ಮ ತಲೆ ಮೇಲೇ ಇರುತ್ತೆ, ಮಾತಿಗಿಂತ ಮೊದಲು ಮಳೆ ಸದ್ದು ಕಿವಿಗೆ ಬರುತ್ತೆ. ಶ್ರವಣ ಸಮಸ್ಯೆ ಇರುವವರಿಗೆ ಇನ್ನೊಂದು ದಾರಿ ಇದೆ. ಥಿಯೇಟರಿಗೆ ಬರೋ ಸಿನಿಮಾದ ಡಿಜಿಟಲ್ ಪ್ರತಿಯಲ್ಲಿ, ಅಂದ್ರೆ ಡಿಸಿಪಿ ಫೈಲಲ್ಲಿ, ಮಾತನ್ನ ಎತ್ತಿ ಹಿಡಿದ ಪ್ರತ್ಯೇಕ ಟ್ರ್ಯಾಕಿಗೆ ಜಾಗ ಇದೆ. ಆ ಟ್ರ್ಯಾಕ್ ಸಿನಿಮಾದವರು ಕೊಟ್ಟಿದ್ದು, ಥಿಯೇಟರಲ್ಲಿ ಹೆಡ್‌ಫೋನ್ ರಿಸೀವರ್ ಇದ್ರೆ ಕೇಳಿ ಪಡೀಬಹುದು. ಇದ್ದೂ ಕೌಂಟರಿನ ಡ್ರಾಯರಿನಲ್ಲೇ ಉಳಿದುಬಿಡೋ ಸೌಲಭ್ಯ ಇದು, ಹಾಗಾಗಿ ಟಿಕೆಟ್ ತಗೊಳ್ಳುವಾಗಲೇ ವಿಚಾರಿಸಿ.

ವಿಮರ್ಶೆ ಮಾಡುವವರಲ್ಲಿ ನನ್ನ ಒಂದು ಬೇಡಿಕೆ: ಸೌಂಡ್ ಬಗ್ಗೆ ಬರೆಯುವಾಗ ತಲೆ ಮೇಲೂ ಸ್ಪೀಕರ್ ಇರೋ ಅಟ್ಮಾಸ್ ಹಾಲೋ, ಮಾಮೂಲಿ 5.1 ಸರೌಂಡ್ ಹಾಲೋ, ಎಷ್ಟನೇ ಸಾಲಲ್ಲಿ ಕೂತಿದ್ರಿ, ಮಾತು ಮುಳುಗಿದ್ದು ಶಾಂತ ದೃಶ್ಯದಲ್ಲೋ ಸಂಗೀತದ ಜೊತೆಗೋ ಅನ್ನೋದನ್ನೂ ಬರೀರಿ. "ಸೌಂಡ್ ಡಿಸೈನ್ ಕಳಪೆ" ಅಂದ್ರೆ ಅದರಿಂದ ಯಾರೂ ಏನೂ ತಿದ್ದಿಕೊಳ್ಳೋಕೆ ಆಗಲ್ಲ. ಇನ್ನು ಸಿನಿಮಾ ಮಾಡುವವರಿಗೆ: ಫೈನಲ್ ಮಿಕ್ಸ್ ಮುಗಿದ ಮೇಲೆ ಒಂದು ಸಾಧಾರಣ ಥಿಯೇಟರ್ ಬಾಡಿಗೆಗೆ ಹಿಡೀರಿ. ಏಸಿ ಓಡ್ತಿರಲಿ. ಫೇಡರನ್ನ 5ಕ್ಕೆ ಇಳಿಸಿ. ಚಿತ್ರಕಥೆ ಓದಿರದ ನಾಲ್ಕು ಜನರನ್ನ ಬೇರೆ ಬೇರೆ ಸಾಲಲ್ಲಿ ಕೂರಿಸಿ, ಕೈಗೆ ಪೆನ್ನು ಕಾಗದ ಕೊಟ್ಟು, ತಿಳಿಯದ ಸಾಲು ಬಂದಾಗೆಲ್ಲಾ ದೃಶ್ಯದ ಗುರುತು ಹಾಕಿಕೊಳ್ಳೋಕೆ ಹೇಳಿ. ಇಬ್ಬರಿಗಿಂತ ಹೆಚ್ಚು ಜನ ಒಂದೇ ಸಾಲಿಗೆ ಗುರುತು ಹಾಕಿದ್ರೆ ಆ ರೀಲ್ ವಾಪಸ್ ಮಿಕ್ಸಿಂಗ್ ಟೇಬಲಿಗೆ ಹೋಗ್ಲಿ.