ಕತ್ತಲಲ್ಲೂ ಬೇಟೆಯಾಡುವ ಕರಿತಲೆ ಜೇಡ

ಕೇಳುಗರಿಗೆ ನಮಸ್ಕಾರ.

ಬಲೆ ಕಟ್ಟುವ ಗೋಜಿಗೇ ಹೋಗದೆ, ಗೋಡೆಯ ಮೇಲೆ ನೊಣದ ಹಿಂದೆ ಹೊಂಚುಹಾಕಿ ಒಮ್ಮೆಗೇ ನೆಗೆದು ಹಿಡಿಯುವ ಪುಟ್ಟ ಜೇಡವನ್ನು ನೀವು ನೋಡಿಯೇ ಇರುತ್ತೀರಿ. ಆ ಜಿಗಿಯುವ ಜೇಡಗಳ ಕುಟುಂಬಕ್ಕೆ ಸೇರಿದ ಕುಲ ‘ಟ್ರೈಟ್’. ಫ್ರಾನ್ಸಿನ ಜೇಡತಜ್ಞ ಯೂಜೀನ್ ಸಿಮೋನ್ 1885ರಲ್ಲಿ ಇಟ್ಟ ಹೆಸರು ಅದು. ನ್ಯೂ ಕ್ಯಾಲೆಡೋನಿಯಾ, ನ್ಯೂಜಿಲೆಂಡ್ ಮುಂತಾದ ಪೆಸಿಫಿಕ್ ದ್ವೀಪಗಳಲ್ಲಿ ಇದರ ಹಲವು ಪ್ರಭೇದಗಳಿವೆ. ನಾನು ಹೇಳಹೊರಟಿರುವುದು ನ್ಯೂಜಿಲೆಂಡಿನ ಒಂದೇ ಒಂದು ಪ್ರಭೇದದ ಬಗ್ಗೆ: ‘ಟ್ರೈಟ್ ಪ್ಲಾನಿಸೆಪ್ಸ್’. ಕರಿತಲೆಯ ಜೇಡ ಅಂದುಕೊಳ್ಳೋಣ. ಸುಮಾರು ಒಂದು ಸೆಂಟಿಮೀಟರ್ ಉದ್ದ, ಮುಂದಕ್ಕೆ ಚಾಚಿದ ದಪ್ಪನೆಯ ಕಪ್ಪು ಕಾಲುಗಳು.

ಜಿಗಿಯುವ ಜೇಡಗಳ ಬಂಡವಾಳವೇ ಕಣ್ಣು. ಒಟ್ಟು ಎಂಟು. ಪಕ್ಕದ ಕಣ್ಣುಗಳು ಸುತ್ತಲಿನ ಅಲುಗಾಟವನ್ನು ಗಮನಿಸುತ್ತವೆ. ಮುಂದಿನ ಎರಡು ದೊಡ್ಡ ಕಣ್ಣುಗಳು ಒಳಗೆ ದೂರದರ್ಶಕದ ಕೊಳವೆಯಂತೆ ಉದ್ದವಾಗಿವೆ. ಮಸೂರ ಕದಲುವುದಿಲ್ಲ, ಹಿಂದಿನ ಅಕ್ಷಿಪಟಲವೇ ಅತ್ತಿತ್ತ ಸರಿದು ಎದುರಿನ ವಸ್ತುವನ್ನು ಪರೀಕ್ಷಿಸುತ್ತದೆ. ಇನ್ನು ನೆಗೆತ? ಅದು ಬರೀ ಸ್ನಾಯುವಿನ ಬಲವಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನುಗ್ಗಿಸಿದಾಗ ಮಡಚಿದ ಕಾಲು ಫಟ್ಟನೆ ಚಾಚಿಕೊಳ್ಳುತ್ತದೆ.

ಇಷ್ಟು ಒಳ್ಳೆಯ ಕಣ್ಣಿದ್ದೂ ನಮ್ಮ ಕರಿತಲೆ ವಾಸಕ್ಕೆ ಆರಿಸಿಕೊಳ್ಳುವುದು ಕತ್ತಲನ್ನು! ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನ ಚಾಪೆ, ಬುಟ್ಟಿ, ಹಗ್ಗಗಳಿಗೆ ಬಳಸುವ ಹರಕೆಕೆ ಎಂಬ ನಾರಿನ ಗಿಡವಿದೆ. ಅದರ ಕತ್ತಿಯಂಥ ಉದ್ದನೆಯ ಎಲೆ ಒಣಗಿದಾಗ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯೊಳಗೇ ಇದರ ಮನೆ. ಬೆಳಕಿಲ್ಲದ ಅಲ್ಲಿ ಹೊಟ್ಟೆಪಾಡು ಹೇಗೆ? ನ್ಯೂಜಿಲೆಂಡಿನ ಜೇಡತಜ್ಞೆ ಲಿನ್ ಫಾರ್ಸ್ಟರ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. ಈ ಜೇಡ ಕಣ್ಣಿನ ನೆರವಿಲ್ಲದೆಯೂ ನೊಣ ಹಿಡಿಯಬಲ್ಲದು. ಸ್ಪರ್ಶ, ಕಂಪನಗಳೇ ಸಾಕು. ಕಣ್ಣೇ ಸರ್ವಸ್ವ ಎಂದು ಹೆಸರಾದ ಕುಟುಂಬದಲ್ಲಿ ಇದು ನಿಜಕ್ಕೂ ಅಪರೂಪದ ಜಾಣತನ. ಬಾನುಲಿ ಕೇಳುವ ನಮಗಂತೂ ಇದರ ಮೇಲೆ ಸ್ವಲ್ಪ ಅಕ್ಕರೆ ಹೆಚ್ಚೇ ಇರಬೇಕು!

ಪ್ರಣಯದಲ್ಲೂ ಇದೇ ಎರಡು ದಾರಿ. ಹೆಣ್ಣು ಬೆಳಕಿನಲ್ಲಿ ಸಿಕ್ಕರೆ ಗಂಡು ಕಾಲೆತ್ತಿ ಕುಣಿದು ಕಣ್ಣಿಗೆ ಕಾಣಿಸಿಕೊಳ್ಳುತ್ತದೆ. ಅವಳು ಎಲೆಯೊಳಗಿನ ರೇಷ್ಮೆಗೂಡಿನಲ್ಲಿದ್ದರೆ ಕುಣಿದು ಏನು ಫಲ? ಆಗ ಗೂಡನ್ನೇ ಕಂಪಿಸಿ ತಾನು ಬಂದಿರುವುದನ್ನು ತಿಳಿಸುತ್ತದೆ. ಅವಳಿನ್ನೂ ಪ್ರಾಯಕ್ಕೆ ಬಂದಿಲ್ಲವೆಂದರೆ ಅವಸರವಿಲ್ಲ. ಅವಳ ಗೂಡಿಗೆ ಅಂಟಿಸಿ ತನ್ನದೂ ಒಂದು ಕೋಣೆ ನೇಯ್ದುಕೊಂಡು, ಅವಳು ಕೊನೆಯ ಪೊರೆ ಕಳಚುವವರೆಗೆ ಅಲ್ಲೇ ಕಾಯುತ್ತದೆ.

ನಮಸ್ಕಾರ.