ಎರಡು ನದಿಗಳ ನಡುವೆ ಕರಗಿದ ಊರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಇಲಿನಾಯ್ ರಾಜ್ಯದ ದಕ್ಷಿಣ ತುದಿಯಲ್ಲಿ, ಒಹಾಯೋ ನದಿ ಮಿಸಿಸಿಪ್ಪಿಯನ್ನು ಕೂಡುವ ಕಡೆ, ಈಜಿಪ್ಟಿನ ರಾಜಧಾನಿಯ ಹೆಸರು ಹೊತ್ತ ಸಣ್ಣದೊಂದು ಊರಿದೆ. ಬರೆಯುವುದು ಕೈರೋದಂತೆಯೇ ಆದರೂ ಊರಿನವರ ಬಾಯಲ್ಲಿ ಅದು ಕೇರೋ. ನಾನೂ ಹಾಗೆಯೇ ಕರೆಯುತ್ತೇನೆ. 1920ರ ಜನಗಣತಿಯ ವೇಳೆಗೆ ಇಲ್ಲಿ 15,203 ಜನರಿದ್ದರು. 2020ರಲ್ಲಿ ಲೆಕ್ಕಕ್ಕೆ ಸಿಕ್ಕವರು 1,733. ಅಂದರೆ ಒಂದು ಶತಮಾನದಲ್ಲಿ ಊರು ತನ್ನ ಒಂಬತ್ತನೇ ಒಂದು ಪಾಲಿಗೆ ಇಳಿಯಿತು.

ಇದಕ್ಕೆ ನದಿಯ ಪ್ರವಾಹವೇ ಕಾರಣವೆಂದು ದೂರದಲ್ಲಿದ್ದವರು ಊಹಿಸುವುದುಂಟು. ಕೇರೋ ಎತ್ತರದ ಒಡ್ಡುಗಳ ನಡುವೆ ಬಟ್ಟಲಿನ ತಳದಲ್ಲಿರುವಂತೆ ಇದೆ ಎಂಬುದು ನಿಜ. 2011ರ ಮೇ ತಿಂಗಳಲ್ಲಿ ಊರನ್ನು ಉಳಿಸಲು ಸೇನೆಯ ಎಂಜಿನಿಯರುಗಳು ಮಿಸೌರಿ ದಡದ ಒಡ್ಡನ್ನು ಸ್ಫೋಟಿಸಿ, ನೀರನ್ನು ಅತ್ತಕಡೆಯ ಹೊಲಗಳಿಗೆ ಹರಿಯಬಿಟ್ಟರು ಎಂಬುದೂ ನಿಜ. ಆದರೆ ಆ ಹೊತ್ತಿಗೆ ಊರು ಬಹುಮಟ್ಟಿಗೆ ಖಾಲಿಯಾಗಿತ್ತು. ಅದನ್ನು ಬರಿದು ಮಾಡಿದ್ದು ನೀರಲ್ಲ.

ಕೇರೋ ಬೆಳೆದದ್ದು ಹಬೆದೋಣಿ, ರೈಲು ಮತ್ತು ನದಿ ದಾಟಿಸುವ ದೋಣಿಗಳ ದುಡಿಮೆಯಿಂದ. ಸೇತುವೆಗಳು ಒಂದೊಂದಾಗಿ ಬಂದಂತೆ ಇಲ್ಲಿ ನಿಂತು ಸಾಗಬೇಕಾದ ಅಗತ್ಯ ಕಡಿಮೆಯಾಯಿತು. 1978ರಲ್ಲಿ ಹೆದ್ದಾರಿಯ ಸೇತುವೆ ತೆರೆದ ಮೇಲಂತೂ ವಾಹನಗಳು ಊರನ್ನು ಪಕ್ಕಕ್ಕೆ ಬಿಟ್ಟು ಓಡತೊಡಗಿದವು. ಇಂಥ ಪೆಟ್ಟು ತಿಂದ ನದಿದಡದ ಊರುಗಳು ಇನ್ನೂ ಇವೆ. ಕೇರೋಗೆ ಇದರ ಜೊತೆಗೆ ಇನ್ನೊಂದು ಗಾಯವಿತ್ತು, ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಆಳವಾದದ್ದು.

1962ರಲ್ಲಿ ಇಲ್ಲಿನ ಈಜುಕೊಳಕ್ಕೆ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು. ಅದರ ಮುಂದೆ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟಗಾರ, ತರುಣ ಜಾನ್ ಲೂಯಿಸ್ ಸಂಗಾತಿಗಳೊಡನೆ ಮಂಡಿಯೂರಿ, ತಲೆ ತಗ್ಗಿಸಿ ಪ್ರಾರ್ಥಿಸುತ್ತಿರುವ ಛಾಯಾಚಿತ್ರ ಇಂದಿಗೂ ಇದೆ. ಕಪ್ಪು ಜನಾಂಗದ ಮಕ್ಕಳನ್ನು ಒಳಗೆ ಬಿಡುವ ಬದಲು ಕೊಳವನ್ನೇ ಮುಚ್ಚಲಾಯಿತು. 1967ರಲ್ಲಿ ತರುಣ ಕಪ್ಪು ಸೈನಿಕನೊಬ್ಬ ಪೊಲೀಸರ ವಶದಲ್ಲಿದ್ದಾಗ ಸತ್ತ ಮೇಲೆ ಊರು ಹೊತ್ತಿ ಉರಿಯಿತು. ತಮ್ಮನ್ನು ಗಿರಾಕಿಗಳಾಗಿ ಮಾತ್ರ ಬಯಸಿ ಕೆಲಸಕ್ಕೆ ಸೇರಿಸಿಕೊಳ್ಳದ ಅಂಗಡಿಗಳನ್ನು ಕಪ್ಪು ನಿವಾಸಿಗಳು 1969ರಿಂದ ವರ್ಷಗಟ್ಟಲೆ ಬಹಿಷ್ಕರಿಸಿದರು. ಅನೇಕ ಅಂಗಡಿಗಳು ಮುಚ್ಚಿದವು. 1960ರಲ್ಲಿ 9,348 ಇದ್ದ ಜನಸಂಖ್ಯೆ 1970ಕ್ಕೆ 6,277ಕ್ಕೆ ಕುಸಿಯಿತು.

ಇನ್ನು ವರಮಾನದ ಮಾತು. 2000ದ ಜನಗಣತಿಯ ಪ್ರಕಾರ ಇಲ್ಲಿನ ಮನೆಯೊಂದರ ಮಧ್ಯಮ ವಾರ್ಷಿಕ ಆದಾಯ 22,000 ಡಾಲರನ್ನೂ ಮುಟ್ಟಿರಲಿಲ್ಲ. ಇಡೀ ಇಲಿನಾಯ್ ರಾಜ್ಯದಲ್ಲಿ ಅದು 46,000 ಡಾಲರ್ ಮೀರಿತ್ತು. ಮಧ್ಯಮ ಆದಾಯವೆಂದರೆ ಎಲ್ಲ ಮನೆಗಳನ್ನೂ ಗಳಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವಿನ ಮನೆಯ ಗಳಿಕೆ. ದುಡಿಯುವ ವಯಸ್ಸಿನವರು ಊರು ಬಿಟ್ಟು ಪಿಂಚಣಿಯವರು ಉಳಿದರೆ, ಯಾರ ಸಂಬಳವೂ ಇಳಿಯದಿದ್ದರೂ ಈ ಅಂಕಿ ಇಳಿಯುತ್ತದೆ. ಹಾಗೆಯೇ ಕಡುಬಡವರು ಹೊರಟುಹೋದರೆ, ಯಾರ ಜೇಬಿಗೂ ಒಂದು ಡಾಲರ್ ಹೆಚ್ಚಿಗೆ ಬೀಳದೆಯೇ ಅದು ಏರುತ್ತದೆ. ಆದ್ದರಿಂದ ಇಷ್ಟು ಸಣ್ಣ ಊರಿನ ಆದಾಯದ ಅಂಕಿಯನ್ನು ಓದುವಾಗ ಯಾರು ಹೋದರು ಎಂಬುದನ್ನು ಮೊದಲು ಕೇಳಬೇಕು.

ಕೇರೋದಿಂದ ಇತ್ತೀಚೆಗೆ ಹೋದವರಲ್ಲಿ ಅನೇಕರು ಹೋಗಲು ಬಯಸಿದವರಲ್ಲ. ಎಲ್ಮ್‌ವುಡ್ ಮತ್ತು ಮೆಕ್‌ಬ್ರೈಡ್ ಎಂಬ ಎರಡು ಸರ್ಕಾರಿ ವಸತಿ ಸಮುಚ್ಚಯಗಳು ವರ್ಷಗಳ ನಿರ್ಲಕ್ಷ್ಯದಿಂದ ವಾಸಕ್ಕೆ ಯೋಗ್ಯವಲ್ಲದ ಸ್ಥಿತಿಗೆ ಬಂದಾಗ, ಅವನ್ನು ಮುಚ್ಚುವುದಾಗಿ 2017ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಸುಮಾರು 400 ಜನರ ಕೈಗೆ ಬಾಡಿಗೆಯ ನೆರವಿನ ಚೀಟಿ ಬಂತು. ಆದರೆ ಅದನ್ನು ತೋರಿಸಿ ಹಿಡಿಯಲು ಊರಿನಲ್ಲಿ ಬಾಡಿಗೆ ಮನೆಗಳೇ ಇರಲಿಲ್ಲ. ಆ ದಶಕದಲ್ಲಿ ಕೇರೋ ಇರುವ ಅಲೆಕ್ಸಾಂಡರ್ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ, ಶೇಕಡಾ 36ರಷ್ಟು ಜನರನ್ನು ಕಳೆದುಕೊಂಡಿತು. ದೇಶದ ಬೇರಾವ ಕೌಂಟಿಯೂ ಅಷ್ಟು ಪ್ರಮಾಣದಲ್ಲಿ ಜನರನ್ನು ಕಳೆದುಕೊಳ್ಳಲಿಲ್ಲ.

ಆಸ್ಪತ್ರೆ 1980ರ ದಶಕದಲ್ಲೇ ಮುಚ್ಚಿತ್ತು. ಆಮೇಲೆ ಇದ್ದೊಂದು ದಿನಸಿ ಅಂಗಡಿಯೂ ಮುಚ್ಚಿತು. ಕಾರಿಲ್ಲದ ಮುದುಕರಿಗೆ ತರಕಾರಿ, ಹಾಲು, ಮಾಂಸ ತರುವುದೇ ಒಂದು ದಿನದ ಕೆಲಸವಾಯಿತು. 2023ರಲ್ಲಿ ಊರಿನವರೇ ಸದಸ್ಯರಾಗಿ, ಸರ್ಕಾರದ ನೆರವೂ ಸೇರಿ, ಒಂದು ಸಹಕಾರಿ ಅಂಗಡಿ ತೆರೆದರು. ವರ್ಷಗಳ ನಂತರ ಊರೊಳಗೇ ತಾಜಾ ಹಣ್ಣು ಸಿಕ್ಕಿತು. ಆದರೆ 1,700 ಜನರ, ಅದರಲ್ಲೂ ಕೈ ಬಿಗಿಯಾದ ಜನರ ವ್ಯಾಪಾರದಿಂದ ಕಪಾಟು ತುಂಬಿಸಿ, ಕೆಲಸಗಾರರಿಗೆ ಸಂಬಳ ಕೊಟ್ಟು, ಶೀತಲ ಯಂತ್ರಗಳನ್ನು ನಡೆಸುವುದು ಬಹಳ ಕಷ್ಟ. ಆ ಅಂಗಡಿಯೂ ಬೇಗನೆ ಆ ಕಷ್ಟಕ್ಕೆ ಸಿಕ್ಕಿತು.