ಟ್ರೇಲರ್ ಚಾವಣಿ ಹತ್ತುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹಾವೇರಿ ಸೀಮೆಯಲ್ಲಿ ಹಬ್ಬದ ಹೋರಿಯನ್ನೋ ಸಾಕಿದ ಕುದುರೆಯನ್ನೋ ಒಯ್ಯಲು ಟ್ರೇಲರ್‌ಗೆ ತಗಡಿನ ಚಾವಣಿ ಹಾಕಿಸಿಕೊಂಡವರು ಇದ್ದೀರಿ. ಅದು ಸೋರುತ್ತದೆ ಅನ್ನೋದು ನೆನಪಾಗುವುದು ಮುಂಗಾರು ಬಾಗಿಲಿಗೆ ಬಂದಾಗಲೇ. "ಎಂಟೇ ಅಡಿ ಅಲ್ವಾ" ಅಂತ ಗಾಲಿ ಮೇಲೆ ಕಾಲಿಟ್ಟು ಹತ್ತಿಬಿಡುತ್ತೀರಿ. ತಲೆ ಕೆಳಗಾಗಿ ಬಿದ್ದರೆ ಜೀವ ಹೋಗಲು ಆ ಎಂಟಡಿಯೇ ಸಾಕು.

ಎರಡು ಗಾಲಿಯ ಟ್ರೇಲರ್ ಬಿಡಿಸಿ ನಿಲ್ಲಿಸಿದ್ದರೆ ಹತ್ತಲೇಬೇಡಿ. ಮೇಲೆ ನಡೆಯುತ್ತಾ ಅಚ್ಚು ದಾಟಿ ಹಿಂದಕ್ಕೆ ಹೋದರೆ ಮೂಕಿ ಮೇಲೆದ್ದು ಗಾಡಿ ಹಿಂದಕ್ಕೆ ವಾಲಬಹುದು. ಟ್ರ್ಯಾಕ್ಟರಿಗೆ ಜೋಡಿಸಿ, ಬ್ರೇಕ್ ಹಾಕಿ, ಬೀಗದ ಕೈ ಕಿಸೆಯಲ್ಲಿಟ್ಟುಕೊಳ್ಳಿ. ಗಾಲಿಯ ಹಿಂದೆ ಮುಂದೆ ಕಲ್ಲು ಕೊಡಿ. ತಲೆ ಮೇಲೆ ಕರೆಂಟ್ ತಂತಿ ಇರಬಾರದು. ಒಳಗಿನ ಜಾನುವಾರು ಇಳಿಸಿ ದೂರ ಕಟ್ಟಿ, ತಗಡಿನ ಸದ್ದಿಗೆ ಅವು ಬೆದರುತ್ತವೆ.

ಏಣಿಯ ಬುಡ ಎರಡಡಿ ಹೊರಗಿರಲಿ, ತುದಿ ಚಾವಣಿಗಿಂತ ಮೂರಡಿ ಮೇಲೆ ಬರಲಿ. ಕೆಳಗೆ ಒಬ್ಬರು ಹಿಡಿದಿರಲಿ. ತೂತು ಅಂಚಿನ ಹತ್ತಿರವಿದ್ದರೆ ಏಣಿಯಿಂದಲೇ ಕೆಲಸ ಮುಗಿಸಿ. ಮೇಲೆ ಹೋಗಲೇಬೇಕಾದರೆ ಸ್ಕ್ರೂ ಸಾಲು ನೋಡಿ. ಅದರ ಕೆಳಗೆ ಅಡ್ಡ ಪೈಪು ಇರುತ್ತದೆ, ನಡುವೆ ಬರೀ ತೆಳು ತಗಡು. ಎರಡು ಪೈಪಿಗೆ ತಾಗುವಂತೆ ಹಲಗೆ ಹಾಕಿ ಅದರ ಮೇಲೆ ಮಂಡಿಯೂರಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಮೇ ತಿಂಗಳ ಮಧ್ಯಾಹ್ನ ತಗಡು ಕೈ ಸುಡುತ್ತದೆ, ಸಂಜೆಗೆ ಅಡ್ಡಮಳೆಯ ಗಾಳಿ.

ಸೋರುವ ಜಾಗ ಹುಡುಕುವುದೇ ಜಾಣತನದ ಕೆಲಸ. ಹನಿ ಬಿದ್ದ ಕಡೆಯೇ ತೂತು ಇರಲ್ಲ, ನೀರು ಪೈಪಿನುದ್ದಕ್ಕೂ ಹರಿದು ಎಲ್ಲೋ ತೊಟ್ಟಿಕ್ಕುತ್ತದೆ. ಒಬ್ಬರು ಒಳಗೆ ನಿಲ್ಲಿ, ಇನ್ನೊಬ್ಬರು ತಗ್ಗಿನಿಂದ ಎತ್ತರಕ್ಕೆ ನಿಧಾನವಾಗಿ ನೀರು ಬಿಡಲಿ. ಬಹಳ ಸಲ ತಪ್ಪು ತಗಡಿನದಲ್ಲ, ಬಿಸಿಲಿಗೆ ಸೀಳಿದ ಸ್ಕ್ರೂ ವಾಷರಿನದು. ಬಿಗಿ ಮಾಡಿದರೆ ಇನ್ನಷ್ಟು ಸೀಳುತ್ತದೆ, ವಾಷರ್ ಬದಲಿಸಿ. ಸಂದು ಮುಚ್ಚಲು ಹಚ್ಚಿದ ಹಳೇ ಸಿಲಿಕಾನ್ ಅಂಟಿನ ಮೇಲೆ ಹೊಸದು ನಿಲ್ಲಲ್ಲ, ಪೂರ್ತಿ ಕೆರೆದು ಒರೆಸಿ ಆಮೇಲೆ ಹಚ್ಚಿ.

ಇನ್ನೊಂದನ್ನು ಜಾಸ್ತಿ ಜನ ಮರೆಯುತ್ತಾರೆ. ರಿವೆಟ್ ಚೂರು, ತಗಡಿನ ಪುಡಿ ಕೆಳಗೆ ಹುಲ್ಲಿನಲ್ಲಿ ಬೀಳುತ್ತವೆ. ದನ ಮೇವಿನ ಜೊತೆ ನುಂಗಿದರೆ ಹೊಟ್ಟೆ ಚುಚ್ಚಿ ಹೃದಯದವರೆಗೂ ಹೋಗಬಹುದು. ಕುದುರೆಯ ಗೊರಸಿಗೆ ಚುಚ್ಚಿದರೆ ಕುಂಟು. ಅಯಸ್ಕಾಂತ ಆಡಿಸಿದರೆ ಸಾಲದು, ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ. ಮೊದಲೇ ಒಳಗೆ ತಾಡಪಾಲು ಹಾಸಿ, ಮುಗಿದ ಮೇಲೆ ಮಡಚಿ ಹೊರಗೆ, ಜಾನುವಾರು ಓಡಾಡದ ಕಡೆ ಕೊಡವಿ.

ಹಚ್ಚಿದ್ದು ಒಣಗಲು ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಮತ್ತೊಮ್ಮೆ ನೀರು ಬಿಟ್ಟು ನೋಡಿ. ನಮಸ್ಕಾರ.